ಎರಡೂವರೆ ಸ್ಯಾಕಿನ ಜಾತಕಫಲ

ಅಮೆರಿಕನ್ ಫುಟ್‌ಬಾಲ್ ಪಂಡಿತರಿಗೆ ಒಂದು ಸಿದ್ಧಿ ಇದೆ. ಏಪ್ರಿಲ್‌ನಲ್ಲಿ ಡ್ರಾಫ್ಟ್, ಅಂದರೆ ತಂಡಗಳು ಸರದಿಯಲ್ಲಿ ಕಾಲೇಜು ಆಟಗಾರರನ್ನು ಆರಿಸಿಕೊಳ್ಳುವ ಶಾಸ್ತ್ರ, ಮುಗಿದ ಮರುದಿನವೇ, ಹುಡುಗ ಹೊಸ ಊರಿನಲ್ಲಿ ಸೂಟ್‌ಕೇಸ್ ಇಳಿಸುವ ಮೊದಲೇ, ಅವನನ್ನು ಆರಿಸಿದ ತಂಡಕ್ಕೆ ‘ಎ’, ‘ಬಿ ಪ್ಲಸ್’, ‘ಸಿ ಮೈನಸ್’ ಎಂದು ಗ್ರೇಡ್ ಹಂಚಿರುತ್ತಾರೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದು ಹಳೆಯ ಕಾಲದವರ ಆತುರ. ಇವರು ಕೂಸಿನ ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡಿಗೆ ಲ್ಯಾಮಿನೇಷನ್ನೂ ಮಾಡಿಸಿರುತ್ತಾರೆ. ಡಿಸೆಂಬರ್ ಹೊತ್ತಿಗೆ ಎರಡನೇ ತೀರ್ಪು: ‘ಬಸ್ಟ್’, ಅಂದರೆ ಠುಸ್ ಪಟಾಕಿ. ಜೂನ್ ಬಂತೆಂದರೆ ಮೂರನೆಯದು: ‘ಎರಡನೇ ವರ್ಷದ ಮಹಾ ಜಿಗಿತ’ಕ್ಕೆ ಹುಡುಗ ಸಿದ್ಧ. ಅಷ್ಟರಲ್ಲಿ ಆ ಬಡಪಾಯಿ ಒಂದೇ ಒಂದು ಹೊಸ ಪಂದ್ಯವನ್ನೂ ಆಡಿರುವುದಿಲ್ಲ.

ಡಿಫೆನ್ಸಿವ್ ಲೈನ್‌ಮನ್, ಅಂದರೆ ತಡೆಯುವ ತಂಡದ ಮುಂಚೂಣಿಯವನು, ಮಾಡುವ ಕೆಲಸದಲ್ಲಿ ಟಿವಿಗೆ ಲಾಯಕ್ಕಾದದ್ದು ಒಂದೇ, ಸ್ಯಾಕ್. ಗೋಣಿಚೀಲ ಅಂದುಕೊಳ್ಳಬೇಡಿ, ಎದುರಾಳಿಯ ಆಟ ನಡೆಸುವ ಕ್ವಾರ್ಟರ್‌ಬ್ಯಾಕ್ ಚೆಂಡು ಎಸೆಯುವ ಮೊದಲೇ ಅವನನ್ನು ಆಟ ಶುರುವಾದ ಗೆರೆಯ ಹಿಂದೆ ಕೆಡವುವುದು. ಇಬ್ಬರು ಸೇರಿ ಕೆಡವಿದರೆ ತಲಾ ಅರ್ಧ. 1982ರಿಂದ ಅಲ್ಲಿನ ವೃತ್ತಿಪರ ಲೀಗ್ ಎನ್‌ಎಫ್‌ಎಲ್ ಇದನ್ನು ಅಧಿಕೃತವಾಗಿ ಎಣಿಸುತ್ತಿದೆ, ಜನ ಉಳಿದದ್ದನ್ನು ನೋಡುವುದನ್ನೇ ಬಿಟ್ಟಿದ್ದಾರೆ.

2019ರ ಡ್ರಾಫ್ಟ್ ತೆಗೆದುಕೊಳ್ಳಿ. 3ನೇ ಆಯ್ಕೆಯಾಗಿ ನ್ಯೂಯಾರ್ಕ್ ಜೆಟ್ಸ್ ತಂಡಕ್ಕೆ ಬಂದವನು ಅಲಬಾಮಾ ವಿಶ್ವವಿದ್ಯಾಲಯದ ಕ್ವಿನೆನ್ ವಿಲಿಯಮ್ಸ್. ತೂಕ 303 ಪೌಂಡ್, ಅಂದರೆ 137 ಕಿಲೋ. ಅಷ್ಟನ್ನೂ ಹೊತ್ತುಕೊಂಡು 40 ಗಜವನ್ನು 4.83 ಸೆಕೆಂಡಿನಲ್ಲಿ ಓಡಿದ್ದ. 7ನೇ ಆಯ್ಕೆಯಾಗಿ ಜಾಕ್ಸನ್‌ವಿಲ್ ಜಾಗ್ವಾರ್ಸ್ ಪಾಲಾದವನು ಜೋಶ್ ಆಲೆನ್, ಈಗಿನ ಹೈನ್ಸ್-ಆಲೆನ್. ಮೊದಲ ವರ್ಷ ಆಲೆನ್‌ಗೆ 10.5 ಸ್ಯಾಕ್, ವಿಲಿಯಮ್ಸ್‌ಗೆ 2.5. ಜೆಟ್ಸ್ ಅಭಿಮಾನಿಗಳು ತಲೆ ಮೇಲೆ ಕೈ ಹೊತ್ತು ಕೂತರು. ಆದರೆ ಆಲೆನ್ ನಿಲ್ಲುವುದು ಲೈನಿನ ಅಂಚಿನಲ್ಲಿ, ಎದುರು ಸಾಮಾನ್ಯವಾಗಿ ಒಬ್ಬನೇ, ಪಕ್ಕದಲ್ಲಿ ಬಯಲು. ವಿಲಿಯಮ್ಸ್ ನಿಲ್ಲುವುದು ನಡುವೆ, ದಾರಿ ಅಡ್ಡಗಟ್ಟುವ ಗಾರ್ಡ್ ಮತ್ತು ಸೆಂಟರ್ ಎಂಬ ಎರಡು ಬೀರುಗಳ ಎದುರು. ಬಸ್ಸಿನ ಫುಟ್‌ಬೋರ್ಡ್ ಮೇಲೆ ನಿಂತವನನ್ನೂ ಮೂವರ ಸೀಟಿನ ಮಧ್ಯೆ ಸಿಕ್ಕಿಕೊಂಡವನನ್ನೂ ‘ಯಾರು ಬೇಗ ಇಳಿದರು’ ಎಂದು ಹೋಲಿಸಿದ ಹಾಗಾಯಿತು ಇದು.

ಮರುವರ್ಷ ವಿಲಿಯಮ್ಸ್ 7 ಸ್ಯಾಕ್ ಮಾಡಿದ. ಆಲೆನ್ ಗಾಯದಿಂದಾಗಿ 8 ಪಂದ್ಯ ಮಾತ್ರ ಆಡಿದ. ಅವನ ಲೆಕ್ಕ, ನಂಬಿ, 2.5. ಅದೇ ಎರಡೂವರೆ, ಮನೆ ಮಾತ್ರ ಬದಲು. ಇನ್ನು ವಿಲಿಯಮ್ಸ್ ಸುಧಾರಿಸಿದ ಆ ವರ್ಷವೇ ಜೆಟ್ಸ್ ತಂಡದ ಗೆಲುವು 7ರಿಂದ 2ಕ್ಕೆ ಇಳಿಯಿತು. ಇದನ್ನು ಯಾವ ಗ್ರಹಕ್ಕೆ ಜೋಡಿಸಬೇಕೋ ಪಂಡಿತರೇ ಹೇಳಲಿ.

ಹುಡುಗರನ್ನು ಆರಿಸುವ ಶಾಸ್ತ್ರವೂ ಹೀಗೇ. ಪ್ರತಿ ವರ್ಷ ಫೆಬ್ರವರಿ ಕೊನೆಗೆ ಇಂಡಿಯಾನಾಪೊಲಿಸ್‌ನಲ್ಲಿ ‘ಕಂಬೈನ್’ ಎಂಬ ವಧುಪರೀಕ್ಷೆ. ತೋಳಿನ ಉದ್ದ, ಅಂಗೈ ಅಗಲ, ನೆಗೆತ, 102 ಕಿಲೋದ ಬಾರನ್ನು ಎಷ್ಟು ಸಲ ಎತ್ತುತ್ತಾನೆ, ಎಲ್ಲವೂ ದಾಖಲು. ಹಾಡು ಬರುತ್ತದಾ ಎಂದೊಂದು ಕೇಳುವುದಿಲ್ಲ. ತೋಳು ಉದ್ದವಿದ್ದರೆ ಎದುರಾಳಿಯ ಎದೆಗೆ ಕೈ ಮೊದಲು ತಲುಪುತ್ತದೆ, ಹಾಗಾಗಿ ಟೇಪು ಹಿಡಿಯುವುದು ಪೂರ್ತಿ ದಡ್ಡತನವಲ್ಲ. ಆದರೆ 2014ರಲ್ಲಿ 6 ಅಡಿ 1 ಇಂಚಿನ, 33 ಇಂಚು ಮುಟ್ಟದ ತೋಳಿನ ಒಬ್ಬ ‘ಗಿಡ್ಡ’ 13ನೇ ಆಯ್ಕೆಯ ತನಕ ಕಾಯಬೇಕಾಯಿತು. ಆರನ್ ಡೊನಾಲ್ಡ್. ಮೂರು ಸಲ ವರ್ಷದ ಶ್ರೇಷ್ಠ ಡಿಫೆನ್ಸ್ ಆಟಗಾರ ಎನಿಸಿಕೊಂಡ, 2018ರಲ್ಲಿ 20.5 ಸ್ಯಾಕ್.

ಮೊದಲ ವರ್ಷ ಹುಡುಗ ಸೊರಗುವುದಕ್ಕೆ ಜಾತಕ ಬೇಡ, ಗೋಡೆಯ ಕ್ಯಾಲೆಂಡರ್ ಸಾಕು. ವಿಲಿಯಮ್ಸ್ 2018ರ ಸೆಪ್ಟೆಂಬರ್‌ನಿಂದ ಅಲಬಾಮಾದ 15 ಪಂದ್ಯಗಳ ಕಾಲೇಜು ಋತುವಿನಲ್ಲಿದ್ದ. ಕೊನೆಯದು 2019ರ ಜನವರಿ 7ಕ್ಕೆ. ಆಮೇಲೆ 40 ಗಜ ಓಡುವುದಕ್ಕೆಂದೇ ತಯಾರಿ. ಮನೆಯಷ್ಟು ದೊಡ್ಡ ಆಳು ಪಂದ್ಯದಲ್ಲಿ ನೇರ 40 ಗಜ ಓಡುವ ಪ್ರಸಂಗ ಬಂದರೆ ಅಲ್ಲೇನೋ ಎಡವಟ್ಟಾಗಿದೆ ಎಂದೇ ಅರ್ಥ. ಮಾರ್ಚ್‌ನಲ್ಲಿ ಪರೀಕ್ಷೆ, ಏಪ್ರಿಲ್‌ನಲ್ಲಿ ಡ್ರಾಫ್ಟ್, ಮೇ ತಿಂಗಳಿಂದ ಹೊಸ ಪ್ಲೇಬುಕ್ (ತಂಡದ ತಂತ್ರಗಳ ಪುಸ್ತಕ), ಜುಲೈನಲ್ಲಿ ಕ್ಯಾಂಪ್, ಡಿಸೆಂಬರ್ ಕೊನೆಯವರೆಗೆ ಪಂದ್ಯಗಳು. ಮೈ ಕಟ್ಟಿಕೊಳ್ಳಲು ಬಿಡುವು ಸಿಗುವುದೇ ಎರಡನೇ ವರ್ಷದ ಮೊದಲು.

ಆ ಬಿಡುವಿನಲ್ಲೇ ಸುದ್ದಿಗಳ ಸುಗ್ಗಿ: ‘ಜೀವಮಾನದಲ್ಲೇ ಇಷ್ಟು ಫಿಟ್ ಆಗಿರಲಿಲ್ಲ’, ‘ಜೂನ್ ಅಭ್ಯಾಸದಲ್ಲಿ ಅವನನ್ನು ತಡೆಯುವವರೇ ಇಲ್ಲ’. ಇರುವುದು ಹೇಗೆ? ಆಟಗಾರರ ಸಂಘದ ಜೊತೆಗಿನ ಒಪ್ಪಂದದ ಪ್ರಕಾರ ಬೇಸಿಗೆಯ ಆ ಅಭ್ಯಾಸದಲ್ಲಿ ಪ್ಯಾಡ್ ಹಾಕುವ ಹಾಗಿಲ್ಲ, ಡಿಕ್ಕಿ ಹೊಡೆಯುವ ಹಾಗಿಲ್ಲ, ಎರಡೂ ಕಡೆಯ ಲೈನ್‌ಮನ್‌ಗಳು ಒಬ್ಬರಿಗೊಬ್ಬರು ಎದುರುಬದುರಾಗಿ ಸೆಣಸುವ ಹಾಗೂ ಇಲ್ಲ. ಚಡ್ಡಿ ಹಾಕಿಕೊಂಡು ಈಜುಕೊಳದ ದಡದಲ್ಲಿ ಕೈ ಬೀಸಿದವನಿಗೆ ಈಜಿನ ಪದಕ ಕೊಟ್ಟಂತೆ. ವಿಲಿಯಮ್ಸ್ 7ಕ್ಕೆ ಏರಿದ 2020ರಲ್ಲಂತೂ ಕೊರೋನಾದಿಂದ ಜೂನ್ ಅಭ್ಯಾಸವೇ ನಡೆಯಲಿಲ್ಲ, ಋತುವಿಗೆ ಮುಂಚಿನ ಪ್ರೀಸೀಸನ್ ಪಂದ್ಯಗಳೂ ರದ್ದು. ಚಡ್ಡಿ ವರದಿಗಳಿಲ್ಲದೆಯೂ ಸುಧಾರಿಸಿದನಲ್ಲ, ಅದು ಅವನ ದುರಹಂಕಾರ ಇರಬೇಕು.

ನಿಜವಾದ ಸುಧಾರಣೆ ಕಾಣಬೇಕೆಂದರೆ ಚೆಂಡನ್ನು ಮರೆತು ಮೊದಲ ಎರಡು ಸೆಕೆಂಡು ಅವನ ಸೊಂಟ ನೋಡಿ. ದಣಿದ ರೂಕಿ, ಅಂದರೆ ಮೊದಲ ವರ್ಷದವನು, ಚೆಂಡು ಕದಲಿದ ತಕ್ಷಣ ನೆಟ್ಟಗೆ ಎದ್ದು ನಿಲ್ಲುತ್ತಾನೆ. ಸೊಂಟ ಮೊದಲು ಏಳುತ್ತದೆ, ಕೈ ಆಮೇಲೆ ಬರುತ್ತದೆ; ಅಷ್ಟರಲ್ಲಿ ಗಾರ್ಡ್ ಅವನ ಎದೆಯ ಪ್ಯಾಡ್ ಹಿಡಿದು ಹಿಂದಕ್ಕೆ ತಳ್ಳಿಕೊಂಡು ಹೋಗಿರುತ್ತಾನೆ. ಕಲಿತವನ ಮೊದಲ ಹೆಜ್ಜೆ ಗಿಡ್ಡ. ಹೆಬ್ಬೆರಳು ಮೇಲೆ, ಮೊಣಕೈ ಪಕ್ಕೆಗೆ ಅಂಟಿಕೊಂಡು, ಅಂಗೈ ಎದುರಾಳಿಯ ತೋಳುಗಳ ಒಳಗಿಂದ ಹೋಗುತ್ತದೆ. ಇಬ್ಬರು ಒಟ್ಟಿಗೆ ಮೇಲೆ ಬಿದ್ದರೆ ಹೀರೋ ಆಗಲು ಹೋಗುವುದಿಲ್ಲ; ಸೊಂಟ ತಿರುಗಿಸಿ, ಒಂದು ಮೊಣಕಾಲು ಊರಿ, ಇಬ್ಬರನ್ನೂ ಅಲ್ಲೇ ರಾಶಿ ಹಾಕುತ್ತಾನೆ. ಆ ರಾಶಿಯಿಂದಾಗಿ ಹಿಂದಿನ ಲೈನ್‌ಬ್ಯಾಕರ್‌ಗೆ ದಾರಿ ತೆರವು. ಚೆಂಡು ಹಿಡಿದವನನ್ನು ಕೆಡವಿದ ಲೆಕ್ಕ, ಅಂದರೆ ಟ್ಯಾಕಲ್, ಆ ಲೈನ್‌ಬ್ಯಾಕರ್‌ನ ಹೆಸರಿಗೆ.

ಎದುರಾಳಿ ಚೆಂಡು ಎಸೆಯುವಾಗ ಮತ್ತೊಂದು ರೋಗ. ಕಾಲೇಜಿನಲ್ಲಿ ನೇರ ತಳ್ಳಿಯೇ ಗೆದ್ದವನಿಗೆ ಎರಡನೇ ಉಪಾಯ ಗೊತ್ತಿರುವುದಿಲ್ಲ. ಅಕ್ಟೋಬರ್ ಹೊತ್ತಿಗೆ ಎದುರು ತಂಡಗಳೆಲ್ಲ ವಿಡಿಯೋ ನೋಡಿ ಕಾಲು ಊರಿ ಕಾಯುತ್ತಿರುತ್ತವೆ. ಚೆಂಡು ಎರಡೂವರೆ ಸೆಕೆಂಡಿನ ಆಸುಪಾಸಿನಲ್ಲಿ ಕ್ವಾರ್ಟರ್‌ಬ್ಯಾಕ್‌ನ ಕೈಯಿಂದ ಹೊರಟಿರುತ್ತದೆ, ಅಷ್ಟರೊಳಗೆ ಮೊದಲ ಪಟ್ಟು ಕೆಟ್ಟರೆ ಎರಡನೆಯದು ಕೈಯಲ್ಲಿರಬೇಕು. ತಳ್ಳಿದಂತೆ ಮಾಡಿ, ಗಾರ್ಡ್ ಮುಂದಕ್ಕೆ ವಾಲಿದಾಗ ಅವನನ್ನೇ ಎಳೆದು ಪಕ್ಕದಿಂದ ಜಾರುವಂಥದ್ದು. ಇದರ ಬದಲು 6 ಕಿಲೋ ಮೈ ಹೆಚ್ಚಿಸಿ ಬಂದರೆ ಇಬ್ಬರನ್ನು ತಡೆದಾನು, ಮೊದಲ ಹೆಜ್ಜೆ ಕಳೆದುಕೊಂಡಾನು. 6 ಕಿಲೋ ಇಳಿಸಿ ಬಂದರೆ ಇದೇ ಲೆಕ್ಕ ತಿರುವುಮುರುವು. ಸುದ್ದಿಗೆ ಮಾತ್ರ ಏರಿದ್ದೂ ಶುಭ, ಇಳಿದದ್ದೂ ಶುಭ.

ಜಿಗಿತ ಎಲ್ಲರಿಗೂ ಗ್ಯಾರಂಟಿ ಎನ್ನುವವರು 2017ರ 3ನೇ ಆಯ್ಕೆ ಸಾಲೊಮನ್ ಥಾಮಸ್‌ನ ಲೆಕ್ಕ ನೋಡಲಿ: ಮೊದಲ ವರ್ಷ 3, ಎರಡನೇ ವರ್ಷ 1. ಆಗದು ಎನ್ನುವವರು ಟ್ರೇವಾನ್ ವಾಕರ್‌ನನ್ನು ನೋಡಲಿ. 2022ರ ಮೊದಲ ಆಯ್ಕೆ, ಆ ವರ್ಷ 3.5, ಎರಡನೆಯವನಾಗಿ ಹೋದ ಏಡನ್ ಹಚಿನ್‌ಸನ್ 9.5 ಮಾಡಿದ್ದರಿಂದ ಶಾಪಗಳಿಗೆ ಲೆಕ್ಕವಿಲ್ಲ. ಮರುವರ್ಷ ವಾಕರ್ 10. ಇನ್ನೊಬ್ಬ ಲೈನ್‌ಮನ್ ಕ್ರಿಸ್ ಜೋನ್ಸ್ ಮೊದಲ ಮೂರು ವರ್ಷ 2, 6.5, ಆಮೇಲೆ 15.5. ವಿಲಿಯಮ್ಸ್ ಮೂರನೇ ವರ್ಷ 6ಕ್ಕೆ ಇಳಿದು, ನಾಲ್ಕನೇ ವರ್ಷ 12 ಮಾಡಿ ಆಲ್-ಪ್ರೋ, ಅಂದರೆ ಆ ವರ್ಷದ ಶ್ರೇಷ್ಠರ ಪಟ್ಟಿಯ ತಂಡ, ಸೇರಿದ. ಎರಡನೇ ವರ್ಷದ ಜಿಗಿತಕ್ಕೆಂದು ಬರೆದಿಟ್ಟ ಲೇಖನ ನಾಲ್ಕನೇ ವರ್ಷದಲ್ಲಿ ಯಾರ ಕೈಗೆ ಸಿಗಬೇಕು?

ಸೆಪ್ಟೆಂಬರ್‌ನಲ್ಲಿ ಮತ್ತೆ ಆಟ ಶುರು. ನಾಲ್ಕನೇ ಡೌನ್, ಅಂದರೆ ಎದುರಾಳಿಯ ಕೊನೆಯ ಯತ್ನ, ಬೇಕಾಗಿರುವುದು ಒಂದೇ ಗಜ. ಎರಡನೇ ವರ್ಷದ ಹುಡುಗ ಮೊಣಕಾಲು ಊರಿ ಗಾರ್ಡ್, ಸೆಂಟರ್ ಇಬ್ಬರನ್ನೂ ತನ್ನ ಮೇಲೆ ಹಾಕಿಕೊಳ್ಳುತ್ತಾನೆ. ಚೆಂಡು ಹಿಡಿದು ಓಡಿ ಬಂದವನು ಅಲ್ಲೇ ಬೀಳುತ್ತಾನೆ. ಕ್ಯಾಮೆರಾ ಎದೆ ಬಡಿದುಕೊಂಡು ಕುಣಿಯುವ ಲೈನ್‌ಬ್ಯಾಕರ್‌ನತ್ತ ಹೊರಳುತ್ತದೆ. ಪರದೆಯ ಕೆಳಗೆ ಹುಡುಗನ ಹೆಸರಿನ ಮುಂದೆ 0. ರಾಶಿಯ ಅಡಿಯಿಂದ ಅವನ ಒಂದು ಬೂಟು ಕಾಣುತ್ತಿರುತ್ತದೆ.