ಅರಳು ಮರಳಿಗೆ ಖಾಲಿ ಹೊಟ್ಟೆಯಲ್ಲಿ ಬನ್ನಿ

ಬೆಳಿಗ್ಗೆ ಎಂಟೂವರೆಗೆ ಲ್ಯಾಬಿನಿಂದ ಫೋನು. "ಸರ್, ನಿಮಗೆ ಐವತ್ತು ದಾಟಿದೆ ಅಲ್ವಾ? ಫುಲ್ ಬಾಡಿ ಚೆಕಪ್ ಜೊತೆ ಈಗ ಮೆಮೊರಿ ಟೆಸ್ಟೂ ಸೇರಿದೆ. ಸುಮ್ನೆ ರಕ್ತ ಕೊಟ್ರೆ ಸಾಕು."

"ಹೋದ ತಿಂಗಳೇ ಬೇಡ ಅಂದಿದ್ನಲ್ಲಮ್ಮ, ನೆನಪಿಲ್ವಾ?"

"ಇಲ್ಲ ಸರ್, ಸಿಸ್ಟಮ್‌ನಲ್ಲಿ ತೋರಿಸ್ತಿಲ್ಲ."

ಮೊದಲು ಆ ಸಿಸ್ಟಮ್ಮಿನ ರಕ್ತ ತೆಗೀರಿ ಎನ್ನಬೇಕಿತ್ತು. ಹೊಳೆಯಲಿಲ್ಲ.

ಅರವತ್ತಕ್ಕೆ ಅರಳು ಮರಳು ಎಂದು ನಮ್ಮ ಹಿರಿಯರು ಪುಕ್ಕಟೆ ಹೇಳಿಬಿಟ್ಟಿದ್ದರು. ಸೂಜಿ ಇಲ್ಲ, ಹೋಮ್ ಕಲೆಕ್ಷನ್ ಚಾರ್ಜೂ ಇಲ್ಲ. ಈಗ ಅದಕ್ಕೆ ಪಿ-ಟೌ 217 ಅಂತ ಹೆಸರು, ಬಿಎಂಟಿಸಿ ಬಸ್ಸಿನ ನಂಬರ್ ಥರ. ರಕ್ತದಲ್ಲಿ ಅಳೆಯುವ ಒಂದು ಪ್ರೊಟೀನ್ ಅದು. ವಿಜ್ಞಾನಕ್ಕೆ ಬೈಯುತ್ತಿಲ್ಲ, ತಪ್ಪು ತಿಳಿಯಬೇಡಿ. ಮೊದಲು ಬೆನ್ನುಮೂಳೆಗೆ ಸೂಜಿ ಚುಚ್ಚಿ ನೀರು ತೆಗೆಯಬೇಕಿತ್ತು, ಇಲ್ಲವೇ ದುಬಾರಿ ಪೆಟ್ ಸ್ಕ್ಯಾನ್. ಈಗ ತೋಳಿನ ರಕ್ತವೇ ಮರೆವಿನ ಕಾಯಿಲೆಯಾದ ಆಲ್‌ಝೈಮರ್‌ನ ಸುಳಿವು ಕೊಡುತ್ತದೆ ಅಂದರೆ ಅದು ದೊಡ್ಡ ವಿಷಯವೇ. ಮೇ 2025ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇಂಥದ್ದೊಂದು ಟೆಸ್ಟಿಗೆ ಒಪ್ಪಿಗೆಯನ್ನೂ ಕೊಟ್ಟಿತು. ಆದರೆ ಯಾರಿಗೆ? 55 ದಾಟಿ, ಮರೆವಿನ ಲಕ್ಷಣ ಆಗಲೇ ಕಾಣಿಸಿಕೊಂಡು, ಸ್ಪೆಷಲಿಸ್ಟ್ ಹತ್ತಿರ ಹೋದವರಿಗೆ. ಬೀಗದ ಕೈ ಎಲ್ಲಿಟ್ಟೆ ಅಂತ ಹುಡುಕುವ ನನ್ನಂಥವನಿಗಲ್ಲ. ಅಂಗಡಿಯವರಿಗೆ ಆ ಸಾಲು ಓದುವಷ್ಟು ಪುರುಸೊತ್ತೆಲ್ಲಿ? ಅಲ್ಲಿನ ಕ್ವೆಸ್ಟ್ ಎಂಬ ಲ್ಯಾಬ್ ಕಂಪನಿ 2023ರಲ್ಲೇ ಇಂಥ ಇನ್ನೊಂದು ರಕ್ತಪರೀಕ್ಷೆಯನ್ನು 399 ಡಾಲರ್‌ಗೆ ನೇರವಾಗಿ ಜನಕ್ಕೇ ಮಾರಲು ಶುರು ಮಾಡಿತ್ತು.

ಸರಿ, ಕೊಟ್ಟೆ ಅಂತಿಟ್ಟುಕೊಳ್ಳಿ. ಸಂಜೆ ವಾಟ್ಸಾಪಿಗೆ ಪಿಡಿಎಫ್ ಬರುತ್ತದೆ, ದಪ್ಪ ಅಕ್ಷರ, ಪಕ್ಕದಲ್ಲಿ ಮೇಲೆ ನೋಡುವ ಬಾಣ. ಕಿಡ್ನಿ ಸೋತಿದ್ದರೂ ಆ ಬಾಣ ಏರುತ್ತದೆ, ಬಾಣ ಏರಿದವರೆಲ್ಲ ಮರೆಗುಳಿಗಳೂ ಆಗುವುದಿಲ್ಲ. ಅದನ್ನೆಲ್ಲ ಕೆಳಗೆ ಇರುವೆ ಗಾತ್ರದಲ್ಲಿ "ಕ್ಲಿನಿಕಲ್ ಕೋರಿಲೇಶನ್ ಅಡ್ವೈಸ್ಡ್", ಅಂದರೆ ಲಕ್ಷಣ ನೋಡಿ ಡಾಕ್ಟರೇ ಹೇಳಬೇಕು, ಎಂದು ಮುಗಿಸಿರುತ್ತಾರೆ. ಅಂದಿನಿಂದ ಮನೆಯ ಪ್ರತಿ ಜಗಳದಲ್ಲೂ ಹೆಂಡತಿಯ ಕೈಯಲ್ಲಿ ಲಿಖಿತ ಸಾಕ್ಷಿ. ನಾರ್ಮಲ್ ಬಂದರೆ ಇನ್ನೂ ಕಷ್ಟ: ಕೊತ್ತಂಬರಿ ಸೊಪ್ಪು ಬಿಟ್ಟು ಬಂದಿದ್ದಕ್ಕೆ ಏನು ನೆವ ಹೇಳೋದು?

ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನ ತಜ್ಞರ ಕಮಿಷನ್ 2024ರಲ್ಲಿ 14 ಕಾರಣ ಪಟ್ಟಿ ಮಾಡಿ, ಇವನ್ನು ಸರಿಪಡಿಸಿದರೆ ಸುಮಾರು 45% ಡಿಮೆನ್ಷಿಯಾ, ಅಂದರೆ ಮರೆಗುಳಿತನ, ತಪ್ಪಿಸಬಹುದು ಅಥವಾ ಮುಂದೂಡಬಹುದು ಅಂದಿತು. ಬಿಪಿ, ಶುಗರ್, ಕಿವಿ ಕೇಳದಿರುವುದು, ಒಂಟಿತನ, ಊರಿನ ಹೊಗೆ. ನಮ್ಮ ದೊಡ್ಡಪ್ಪನಿಗೆ ಹತ್ತು ವರ್ಷ ಕಿವಿ ಕೇಳುತ್ತಿರಲಿಲ್ಲ. ವಯಸ್ಸಾಯ್ತಲ್ಲ ಅಂತ ಎಲ್ಲರೂ ಸುಮ್ಮನಿದ್ದೆವು, ನಾನೂ. ಕೊನೆಗೆ ತಂದ ಮಿಷನ್ನು ಕರ್ಚೀಫಿನಲ್ಲಿ ಸುತ್ತಿಕೊಂಡು ಈಗಲೂ ಬೀರುವಿನಲ್ಲಿದೆ. ಅಷ್ಟು ಹೊತ್ತಿಗೆ ಅದು ಏನು ಅಂತಲೇ ಅವರಿಗೆ ಗೊತ್ತಾಗುತ್ತಿರಲಿಲ್ಲ.

ಹೋದ ನವೆಂಬರ್‌ನಲ್ಲಿ ಪಿಂಚಣಿಗಾಗಿ ಬದುಕಿದ್ದೇನೆ ಅಂತ ತೋರಿಸಲು ಅವರನ್ನು ಬ್ಯಾಂಕಿಗೆ ಕರೆದುಕೊಂಡು ಹೋಗಿದ್ದೆವು. ಮೂವತ್ತು ವರ್ಷ ಮಕ್ಕಳಿಗೆ ಕಾಪಿ ತಿದ್ದಿದ ಮೇಷ್ಟ್ರು. ಕೌಂಟರಿನ ಹುಡುಗ "ಸಹಿ ಹೊಂದ್ತಿಲ್ಲ, ಇನ್ನೊಂದ್ಸಲ" ಅಂದ. ಮೂರು ಸಲ ಅಂದ. ನಾಲ್ಕನೇ ಸಲ ದೊಡ್ಡಪ್ಪ ಪೆನ್ನು ಎತ್ತಿ ಹಿಡಿದು "ಏನು ಬರೀಬೇಕು?" ಅಂದರು.

"ನಿಮ್ಮ ಹೆಸರು ಬರೀರಿ" ಅಂದರು ದೊಡ್ಡಮ್ಮ.

"ಏನದು?"

ಈ ದೇಶದಲ್ಲಿ ಇಂಥವರು 88 ಲಕ್ಷ ಎಂಬ ಅಂದಾಜಿದೆ. ಅವರದ್ದು ರಿಸ್ಕ್ ಅಲ್ಲ, ರಿಸಲ್ಟು. ಅವರನ್ನು ಕಾಯುವ ದೊಡ್ಡಮ್ಮಂದಿರನ್ನು ಯಾರೂ ಎಣಿಸಿಲ್ಲ. ನಮ್ಮ ದೊಡ್ಡಮ್ಮನಿಗೆ 74, ಎರಡೂ ಮೊಣಕಾಲು ಹೋಗಿವೆ, ಬಚ್ಚಲಿಗೆ ಹೋದರೂ ಬಾಗಿಲು ತೆರೆದಿಟ್ಟೇ ಹೋಗಬೇಕು. ನಾಳೆ ಬರುವ ಕಾಯಿಲೆಗೆ ಮನೆ ಬಾಗಿಲಿಗೇ ಜನ ಬರುತ್ತಾರೆ. ಇವತ್ತೇ ಬಂದು ಕೂತಿರುವ ಕಾಯಿಲೆಗೆ ಒಂದು ನರಪಿಳ್ಳೆಯೂ ಇಲ್ಲ, ಥೂ.

ಎರಡು ದಿನ ಬಿಟ್ಟು ಅದೇ ಹುಡುಗಿಯ ಫೋನು. ಕೇಳಿಯೇಬಿಟ್ಟೆ. ರಕ್ತ ಬೇಡಮ್ಮ, ದೊಡ್ಡಪ್ಪನ ಹತ್ತಿರ ಎರಡು ಗಂಟೆ ಕೂರೋಕೆ ಯಾರನ್ನಾದರೂ ಕಳಿಸ್ತೀರಾ, ದುಡ್ಡು ಕೊಡ್ತೀನಿ.

"ಆ ಸರ್ವಿಸ್ ಇಲ್ಲ ಸರ್. ನಾಳೆ ಏಳಕ್ಕೆ ಒಂದು ಸ್ಲಾಟ್ ಖಾಲಿ ಇದೆ, ಹಾಕ್ಲಾ?"