ಅಪಮಾನ ಆಗ್ಯಾದಂತ ಸರ್ಟಿಫಿಕೇಟ್ ತರ್ರಿ

ನಮ್ಮ ಕಲಬುರಗಿಯಲ್ಲಿ ವರ್ಣಭೇದ ಇಲ್ಲ. ಇದು ನಾನು ಹೇಳುತ್ತಿರುವುದಲ್ಲ, ಮಾರ್ಚ್ 21ರ ವರ್ಣಭೇದ ನಿರ್ಮೂಲನಾ ದಿನದ ಸಭೆಯಲ್ಲಿ ಅವಿರೋಧವಾಗಿ ತೀರ್ಮಾನವಾದದ್ದು. "ನಮ್ಮ ಬಿಸಲು ಎಲ್ಲಾರ್ನೂ ಒಂದೇ ಬಣ್ಣಕ್ಕ ತಂದದ, ಭೇದ ಎಲ್ಲಿಂದ ಬರಬೇಕ್ರಿ?" ಎಂದು ಅಧ್ಯಕ್ಷರು ಕೇಳಿದಾಗ ಕೂಲರ್ ಮುಂದೆ ಕೂತವರು ಚಪ್ಪಾಳೆ ಹೊಡೆದರು. ಹಿಂದಿನ ಸಾಲಿನವರು ಆಮಂತ್ರಣ ಪತ್ರಿಕೆಯಿಂದ ಗಾಳಿ ಬೀಸಿಕೊಳ್ಳುತ್ತಿದ್ದರು, ಕೈ ಖಾಲಿ ಇರಲಿಲ್ಲ.

ಬ್ಯಾನರಿನಲ್ಲಿ 'ವರ್ಣ' ಎಂಬ ಅಕ್ಷರ ನೋಡಿ ಮೊದಲಿಗೆ ಕೆಲವರು ಬಾಗಿಲಲ್ಲೇ ಹಿಂದೆ ಮುಂದೆ ನೋಡಿದ್ದುಂಟು. ಸಂಘಟಕರು ಓಡಿಬಂದು, "ಜಾತಿ ವಿಷಯ ಅಲ್ರಿ, ಬರೇ ಚರ್ಮದ್ದು" ಎಂದ ಮೇಲೆ ಎಲ್ಲರ ಮುಖವೂ ಅರಳಿತು. ಚರ್ಮದ ವಿಷಯಕ್ಕೆ ಬರಲು ಯಾರದೇನು ತಕರಾರು? ಅದು ದಕ್ಷಿಣ ಆಫ್ರಿಕಾದವರ ಪಾಪ.

1960ರ ಮಾರ್ಚ್ 21ರಂದು ಅಲ್ಲಿನ ಶಾರ್ಪ್‌ವಿಲ್‌ನಲ್ಲಿ ಪೊಲೀಸರು ಗುಂಡು ಹಾರಿಸಿ 69 ಜನರನ್ನು ಕೊಂದರು. ಕರಿಯರು ತಮ್ಮ ನೆಲದಲ್ಲೇ ಎಲ್ಲಿಗೆ ಹೋದರೂ ಪಾಸ್ ಪುಸ್ತಕ ತೋರಿಸಬೇಕು ಎಂಬ ಕಾನೂನಿನ ವಿರುದ್ಧ ನಿಂತವರು ಅವರು. ಭಾಷಣಕಾರರೊಬ್ಬರು ಇದನ್ನು ಚೀಟಿ ನೋಡಿ ಓದಿದರು, ಪಾಸ್ ಪುಸ್ತಕ ಎಂಬಲ್ಲಿ ಮಾತ್ರ ಬ್ಯಾಂಕಿನದು ಎಂದುಕೊಂಡು ಸ್ವಲ್ಪ ತೊಡರಿದರು.

ಇತಿಹಾಸದ ಮಾತು ಬಂದ ಮೇಲೆ ಬೀದರ್ ಬರಲೇಬೇಕು. "ಹೊರಗಿನವ್ರಿಗಿ ನಾವು ಮನಿ ಕೊಟ್ಟವ್ರಲ್ಲ, ಅಧಿಕಾರಾನೇ ಕೊಟ್ಟವ್ರು. ಆಫ್ರಿಕಾದಿಂದ ಬಂದವ್ರ ಹಬ್ಶಿ ಕೋಟ್ ನೋಡ್ರಿ! ಇರಾನಿನಿಂದ ಬಂದು ಬಹಮನಿ ಸುಲ್ತಾನರ ವಜೀರ ಆದ ಮಹಮೂದ್ ಗವಾನ್ 1472ರಾಗ ಮದರಸಾ ಕಟ್ಟಸ್ಯಾನ ನೋಡ್ರಿ!" ಎಂದರು ಒಬ್ಬರು. ಮದರಸಾ ಕಟ್ಟಿಸಿದ್ದು ಖರೆ. ಹೊರಗಿನವನ ಏಳಿಗೆ ಸಹಿಸದ ದಖನಿ ಗುಂಪಿನವರು ನಕಲಿ ಪತ್ರ ಹುಟ್ಟಿಸಿ, ಸುಲ್ತಾನನ ಬಾಯಿಂದಲೇ ಹೇಳಿಸಿ ಆ ಮುದುಕನ ತಲೆ ತೆಗೆಸಿದ್ದು 1481. ಭಾಷಣ 1472ಕ್ಕೇ ನಿಂತಿತು. ಊಟದ ಹೊತ್ತಾಗಿತ್ತು ಅಂತ ಇಟ್ಟುಕೊಳ್ಳೋಣ.

ಸಭೆಗೆ ಜೀವ ಬಂದದ್ದು ಮುಖ್ಯ ಅತಿಥಿಗಳು ತಮ್ಮ ನೋವು ತೋಡಿಕೊಂಡಾಗ. ಇಪ್ಪತ್ತೈದು ವರ್ಷದ ಹಿಂದೆ ಬೆಂಗಳೂರಿನಲ್ಲಿ ಬಾಡಿಗೆಗೆ ಖೋಲಿ ಕೇಳಲು ಹೋಗಿದ್ದಾರೆ. ಇವರು ಬಾಯಿ ತೆರೆದದ್ದೇ ತಡ, ಮನೆಯ ಯಜಮಾನ "ನಿಮ್ದು ಮರಾಠಿನಾ, ತೆಲುಗಾ?" ಎಂದನಂತೆ. "ಗುಲ್ಬರ್ಗಾ" ಎಂದರೆ, "ಓ, ಅಲ್ಲೂ ಕನ್ನಡ ಮಾತಾಡ್ತಾರಾ?" ಎಂದನಂತೆ. "ಇವತ್ತಿಗೂ ನೆನಸ್ಕೊಂಡ್ರ ನಿದ್ದಿ ಹತ್ತಂಗಿಲ್ರಿ" ಎಂದು ಅತಿಥಿಗಳು ಗದ್ಗದರಾದರು. ಸಭೆ ಮೂಗು ಒರೆಸಿಕೊಂಡಿತು. ನನಗೂ ಕಣ್ಣು ಹನಿಗೂಡಿತು, ಸುಳ್ಳು ಹೇಳುವುದಿಲ್ಲ. ಮೈಸೂರಿನ ಒಂದು ಮದುವೆ ಪಂಕ್ತಿಯಲ್ಲಿ ಪಕ್ಕದ ಹೆಣ್ಣುಮಗಳು, "ಆ ಕಡೆಯವರಾದ್ರೂ ಕನ್ನಡ ಚೆನ್ನಾಗೇ ಮಾತಾಡ್ತೀರಲ್ಲ" ಎಂದದ್ದು ನೆನಪಾಯಿತು. ಹೊಗಳಿದ್ದಳು ಪಾಪ. ಹನ್ನೆರಡು ವರ್ಷವಾಯಿತು, ನಾನಿನ್ನೂ ಕ್ಷಮಿಸಿಲ್ಲ.

ಈ ಆರ್ದ್ರ ಘಳಿಗೆಯಲ್ಲಿ ಹಿಂದಿನಿಂದ ಒಬ್ಬ ಹುಡುಗಿ ಎದ್ದು ನಿಂತಳು. ಮಣಿಪುರದವಳು, ಇಲ್ಲಿ ಓದಲು ಬಂದು ಎರಡು ವರ್ಷವಾಗಿದೆ. ಆಟೊದವರು, ಕಾಯಿಪಲ್ಯೆಯವರು, ಬೀದಿಯ ಹುಡುಗರು ತನ್ನನ್ನು ಚೈನಾ ಅನ್ನುತ್ತಾರೆ, ನೇಪಾಳಿ ಅನ್ನುತ್ತಾರೆ, ಒಮ್ಮೊಮ್ಮೆ ಬರೇ 'ಮೊಮೊ' ಅನ್ನುತ್ತಾರೆ, ಖೋಲಿ ಕೇಳಿದರೆ ಪಾಸ್‌ಪೋರ್ಟ್ ಕೇಳುತ್ತಾರೆ ಎಂದು ನಿಧಾನಕ್ಕೆ ಕನ್ನಡದಲ್ಲೇ ಹೇಳಿದಳು. "ಒಂದು ದಿನ ಆದ್ರ ನಾನೂ ನಗ್ತೀನ್ರಿ ಸರ್. ದಿನಾ ಅದ."

ಅಷ್ಟೇ. ಗದ್ಗದಿತ ಸಭೆ ಕಣ್ಣೊರೆಸಿಕೊಂಡು ಕೋರ್ಟಾಯಿತು.

"ಯಾರು ಅಂದ್ರು? ಹೆಸರು ಹೇಳ್ರಿ."

"ಚೈನಾ ಅಂದ್ರ ಬೈಗುಳ ಅಲ್ಲಮ್ಮ, ಭಾಳ ಮುಂದುವರದ ದೇಶ ಅದು."

"ತಮಾಷಿಗಿ ಅಂದಿರಬೇಕು ತಂಗಿ, ನಮ್ಮ ಮಂದಿ ಬಾಯಿ ಒರಟು, ಮನಸು ಬೆಣ್ಣಿ."

ಇನ್ನು ಮುಖ್ಯ ಅತಿಥಿಗಳು: "ನಮಗೂ ಬೆಂಗಳೂರಾಗ ಅಂದಾರ. ನಾವು ಎಂದರ ಮನಸಿಗಿ ಹಚ್ಕೊಂಡೀವೇನು?" ಹಚ್ಚಿಕೊಳ್ಳದ ಆ ಸಂಗತಿಯನ್ನು ಅವರು ಆಗಷ್ಟೇ ನಲವತ್ತು ನಿಮಿಷ ಹೇಳಿ ಮುಗಿಸಿದ್ದರು.

ಹುಡುಗಿ ಕೂಡಲಿಲ್ಲ. "2014ರಾಗ ದಿಲ್ಲಿಯೊಳಗ ಅರುಣಾಚಲದ ನಿಡೊ ತಾನಿಯಾ ಅಂಬೋ ಹುಡುಗನ ಕೂದಲು ನೋಡಿ ನಕ್ಕಿದ್ದೂ ತಮಾಷಿಗೇ ಸರ್. ಆಮ್ಯಾಲ ಹೊಡದ್ರು. ಸತ್ತ." ಮೈಕು ಕಿರ್ರೆಂದಿತು. ಮೂವರು ಏಕಕಾಲಕ್ಕೆ ಅದನ್ನು ಸರಿಪಡಿಸಲು ಎದ್ದರು. ಮೈಕು ಕೆಟ್ಟಿರಲಿಲ್ಲ.

ಇಂಥ ತೊಡಕು ಮುಂದೆ ಬರಬಾರದೆಂದು ಸ್ಥಳದಲ್ಲೇ ಒಂದು ಸಮಿತಿಯಾಯಿತು. ಈ ಭಾಗದವರಿಗೆ ಮೀಸಲಾತಿ ಕೊಡಿಸುವ 371ಜೆ ಸರ್ಟಿಫಿಕೇಟಿಗಾಗಿ ಚಪ್ಪಲಿ ಸವೆಸಿದ ಊರು ನಮ್ಮದು, ಹುಟ್ಟಿದ ಊರಿನವರೇ ಎಂದು ಕಾಗದದಲ್ಲಿ ಸಾಬೀತು ಮಾಡುವ ಪಾಡು ನಮಗೆ ಗೊತ್ತು. ಗೊತ್ತಿರುವುದನ್ನೇ ಇನ್ನೊಬ್ಬರಿಗೆ ದಾಟಿಸುವುದು ನಮ್ಮ ಸಂಸ್ಕೃತಿ. ಇನ್ನು ಮುಂದೆ ಅಪಮಾನವಾಯಿತು ಎನ್ನುವವರು ನಿಗದಿತ ನಮೂನೆಯಲ್ಲಿ ಅರ್ಜಿ ಹಾಕಬೇಕು. ನೋವು ಸ್ಪಷ್ಟ ಕಾಣುವ ಎರಡು ಫೋಟೊ ಲಗತ್ತಿಸಬೇಕು. ಅಪಮಾನ ನೋಡಿಯೂ ಸುಮ್ಮನಿದ್ದ ಇಬ್ಬರು ಸಾಕ್ಷಿಗಳನ್ನು ತರಬೇಕು, ಅವರೇನೂ ಸಿಗುವುದು ಕಷ್ಟವಲ್ಲ. ಕೊನೆಯದಾಗಿ, 'ನಾನು ಬೇಕಂತಲೇ ನೋಯಿಸಿದ್ದೇನೆ' ಎಂದು ಅಂದವರಿಂದಲೇ ಬರೆಸಿಕೊಂಡ ಒಪ್ಪಿಗೆ ಪತ್ರ. ಇದಿಲ್ಲದಿದ್ದರೆ ನೋವನ್ನು 'ಸೂಕ್ಷ್ಮ ಸ್ವಭಾವ' ಎಂದು ಷರಾ ಬರೆದು ಮರಳಿಸಲಾಗುವುದು.

ಸಮಿತಿಯ ಉಪಾಧ್ಯಕ್ಷರು ಮಗನಿಗೆ ಹೆಣ್ಣು ಹುಡುಕುತ್ತಿದ್ದಾರೆ. ಬಯೋಡೇಟಾದಲ್ಲಿ 'ಬೆಳ್ಳಗಿರುವ ಕನ್ಯೆ' ಎಂದಿದೆ. ಕ್ರೀಮಿನ ಡಬ್ಬಿಯಿಂದಲೇ 2020ರಲ್ಲಿ 'ಫೇರ್' ಹೋಗಿ 'ಗ್ಲೋ' ಬಂತು, ಇವರ ಬಯೋಡೇಟಾಕ್ಕೆ ಆ ಸುದ್ದಿ ಇನ್ನೂ ಮುಟ್ಟಿಲ್ಲ. ಕೇಳಿದರೆ, "ಅದು ಭೇದ ಅಲ್ರಿ, ಪಸಂದ್" ಎಂದರು. ಮಗನ ಬಣ್ಣ ಕೇಳಬೇಡಿ. ತೊಗರಿ ರಾಶಿಯ ಕಾಲಕ್ಕೆ ಹೊಲದಲ್ಲಿ ಅವನನ್ನು ಹುಡುಕಲು ಅವನ ಅಂಗಿಯೇ ಗುರುತು.

ತೊಗರಿ ಎಂದಾಗ ನೆನಪಾಯಿತು. ನಮ್ಮ ಬೇಳೆಗೆ 2019ರಲ್ಲಿ, ಇದು ಇದೇ ನೆಲದ್ದು ಎನ್ನುವ ಜಿಐ ಟ್ಯಾಗ್ ಸಿಕ್ಕಿದೆ, ಅದನ್ನು ಯಾರೂ ಎಲ್ಲಿಯದು ಎಂದು ಕೇಳುವ ಹಾಗಿಲ್ಲ. ಮನುಷ್ಯರ ಮುಖಕ್ಕೆ ಮಾತ್ರ ಟ್ಯಾಗ್ ಹಚ್ಚುವ ಅಧಿಕಾರವನ್ನು ಬೀದಿ ತಿರುವಿನ ಕಟ್ಟೆಗೆ ಬಿಟ್ಟಿದ್ದೇವೆ.

ಮರುದಿನದ ಪತ್ರಿಕಾ ಪ್ರಕಟಣೆಯಲ್ಲಿ ಹೀಗಿತ್ತು: 'ಸಂವಾದದಲ್ಲಿ ವಿದೇಶಿ ವಿದ್ಯಾರ್ಥಿನಿಯೊಬ್ಬರು ಪಾಲ್ಗೊಂಡು ನಗರದ ಸೌಹಾರ್ದವನ್ನು ಕೊಂಡಾಡಿದರು.' ಫೋಟೊದಲ್ಲಿ ಹುಡುಗಿ ನಟ್ಟನಡುವೆ ಇದ್ದಾಳೆ. ತೋಳು ಹಿಡಿದು ತಂದು ನಿಲ್ಲಿಸಿದವರು ಮುಖ್ಯ ಅತಿಥಿಗಳೇ.

ಫೋಟೊ ಮುಗಿದು ಚಹಾ, ಮಿರ್ಚಿ ಭಜಿ ಹಂಚುವಾಗ ನನಗೆ ತಡೆಯಲಿಲ್ಲ. ಇಷ್ಟು ಜನರಲ್ಲಿ ಅವಳ ನೋವು ತಿಳಿದವನು ನಾನೊಬ್ಬನಾದರೂ ಇದ್ದೇನೆ ಎಂದು ತೋರಿಸಬೇಕಿತ್ತು. ಹತ್ತಿರ ಹೋಗಿ, ಆದಷ್ಟು ಅಂತಃಕರಣ ತುಂಬಿ ಹೇಳಿದೆ: "ತಂಗಿ, ಆ ಕಡಿಯವಳಾದ್ರೂ ನಿನ್ನ ಕನ್ನಡ ಭಾಳ ಛಲೋ ಅದ."

ಅವಳು ಭಜಿಯ ತೊಟ್ಟು ತೆಗೆದು ತಟ್ಟೆಯ ಅಂಚಿಗೆ ಇಟ್ಟಳು.

"ನಿಮ್ದೂ ಛಲೋ ಅದ್ರಿ ಸರ್" ಎಂದಳು.