ಆಯ್ಕೆಯಾದವನಿಗೆ ಸಿಕ್ಕಿದ್ದಾದರೂ ಏನು?

ಅಮೆರಿಕದ ದೊಡ್ಡ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಕೆಳಹಂತವಾದ ಜಿ ಲೀಗಿನ ಡ್ರಾಫ್ಟಿನ, ಅಂದರೆ ತಂಡಗಳು ಸರದಿಯಂತೆ ಆಟಗಾರರನ್ನು ಆರಿಸಿಕೊಳ್ಳುವ ಪ್ರಕ್ರಿಯೆಯ, ಪಟ್ಟಿ ಹೊರಬಿದ್ದ ಬೆನ್ನಿಗೇ ‘ಕನಸು ನನಸಾಯಿತು’ ಎಂಬ ಒಕ್ಕಣೆಯ ಚಿತ್ರಗಳು ಸಾಲುಸಾಲಾಗಿ ಕಣ್ಣಿಗೆ ಬೀಳುತ್ತಿವೆ. ನನ್ನ ಬಾಸ್ಕೆಟ್‌ಬಾಲ್ ಹುಚ್ಚನ್ನು ವರ್ಷಗಳಿಂದ ಸಹಿಸಿಕೊಂಡು ಬಂದ ಸ್ನೇಹಿತರಿಗೆ ಗೊತ್ತಿರುವಂತೆ, ನಾನು ಎನ್‌ಬಿಎ ಡ್ರಾಫ್ಟಿಗಿಂತ ಅದರ ಕೆಳಗಿನ ಈ ಲೀಗಿನ ಡ್ರಾಫ್ಟನ್ನೇ ಹೆಚ್ಚು ಆಸ್ಥೆಯಿಂದ ನೋಡುವವನು. ಹೀಗಾಗಿ ಸಿಟ್ಟೂ ಸ್ವಲ್ಪ ಹೆಚ್ಚು. ಕನಸು ನನಸಾಯಿತು ಎನ್ನುವವರಲ್ಲಿ ನನ್ನದೊಂದೇ ಪ್ರಶ್ನೆ: ಆಯ್ಕೆಯಾದ ಆ ಹುಡುಗನಿಗೆ ನಿಜವಾಗಿ ಸಿಕ್ಕಿದ್ದೇನು?

ತಂಡಕ್ಕೆ ಸಿಕ್ಕಿದ್ದು ಸ್ಪಷ್ಟವಾಗಿದೆ. ಈ ಲೀಗಿನಲ್ಲಿ ಆಟಗಾರ ಒಪ್ಪಂದಕ್ಕೆ ಸಹಿ ಹಾಕುವುದು ತಂಡದೊಂದಿಗಲ್ಲ, ಲೀಗಿನೊಂದಿಗೆ. ಸಹಿ ಹಾಕಿದವರೆಲ್ಲರೂ ಒಂದು ಪಟ್ಟಿಯಲ್ಲಿ ಸೇರುತ್ತಾರೆ, ಆ ಪಟ್ಟಿಯಿಂದ ತಂಡಗಳು ಸರದಿಯ ಪ್ರಕಾರ ಹೆಸರು ಕರೆಯುತ್ತವೆ. ಹೆಸರು ಕರೆದ ಗಳಿಗೆಯಿಂದ ಲೀಗಿನೊಳಗೆ ಆ ಆಟಗಾರನ ಮೇಲಿನ ಹಕ್ಕು ತಂಡದ್ದು. ಆ ಹಕ್ಕನ್ನು ಅದು ಅಂದೇ ಇನ್ನೊಂದು ತಂಡಕ್ಕೆ ಬಿಟ್ಟುಕೊಡಲೂಬಹುದು. ಆಟಗಾರನಿಗೆ ಪ್ರತಿಯಾಗಿ ದೊರೆಯುವುದು ತರಬೇತಿ ಶಿಬಿರಕ್ಕೊಂದು ಆಹ್ವಾನ, ಅಷ್ಟೇ. ಶಿಬಿರ ಮುಗಿಯುವಷ್ಟರಲ್ಲಿ ಅವನನ್ನು ಕೈಬಿಟ್ಟರೆ ಯಾರೂ ಯಾರಿಗೂ ಉತ್ತರಿಸಬೇಕಾಗಿಲ್ಲ. ಹಕ್ಕೆಲ್ಲ ಒಂದು ಕಡೆ, ಅಭಿನಂದನೆಯೆಲ್ಲ ಇನ್ನೊಂದು ಕಡೆ.

ಮೊದಲು ಇದು ಹೀಗಿರಲಿಲ್ಲ. 2001ರಲ್ಲಿ ಎಂಟು ತಂಡಗಳೊಂದಿಗೆ ಈ ಲೀಗ್ ಶುರುವಾದಾಗ ತಂಡ ಕಟ್ಟುವ ಮುಖ್ಯ ದಾರಿಯೇ ಡ್ರಾಫ್ಟ್ ಆಗಿತ್ತು. ಆ ಮೊದಲ ಡ್ರಾಫ್ಟಿನಲ್ಲಿ ಮೊದಲಿಗನಾಗಿ ಆಯ್ಕೆಯಾದ ಕ್ರಿಸ್ ಆಂಡರ್ಸನ್ ಅದೇ ವರ್ಷದ ನವೆಂಬರ್‌ನಲ್ಲಿ ಡೆನ್ವರ್ ನಗೆಟ್ಸ್ ಸೇರಿ, ಈ ಲೀಗಿನಿಂದ ಎನ್‌ಬಿಎಗೆ ಕರೆ ಪಡೆದ ಮೊದಲ ಆಟಗಾರನೂ ಆದರು. ಆಗ ಆಯ್ಕೆಗೆ ಅರ್ಥವಿತ್ತು. ಕ್ರಮೇಣ ಎನ್‌ಬಿಎಯ ಒಂದೊಂದು ತಂಡವೂ ಇಲ್ಲಿ ತನ್ನದೇ ಆದ ಒಂದು ತಂಡವನ್ನು ಇಟ್ಟುಕೊಂಡಿತು, 2017ರಲ್ಲಿ ಲೀಗಿನ ಹೆಸರೂ ಪಾನೀಯವೊಂದರ ಪ್ರಾಯೋಜಕತ್ವಕ್ಕೆ ತಕ್ಕಂತೆ ಬದಲಾಯಿತು, ಇದರ ನಡುವೆ ಡ್ರಾಫ್ಟ್ ಒಳಗಿನಿಂದಲೇ ಟೊಳ್ಳಾಗುತ್ತ ಹೋಯಿತು.

ಇವತ್ತು ಡ್ರಾಫ್ಟ್ ಆರಂಭವಾಗುವ ಹೊತ್ತಿಗೆ ಟವೆಲ್ ಹಾಕಿ ಸೀಟು ಹಿಡಿದವರೇ ತಂಡದ ತುಂಬ ಕೂತಿರುತ್ತಾರೆ. 2017ರಲ್ಲಿ ಬಂದ ಟು-ವೇ ಒಪ್ಪಂದದವರು, ಅಂದರೆ ಎನ್‌ಬಿಎ ತಂಡಕ್ಕೂ ಇಲ್ಲಿನ ಅದರ ತಂಡಕ್ಕೂ ಆಡಬಲ್ಲವರು, ಮೊದಲು ತಂಡಕ್ಕೆ ಇಬ್ಬರಿದ್ದರು, 2023ರಿಂದ ಮೂವರಾದರು. ಎನ್‌ಬಿಎ ತಂಡ ತನ್ನ ಶಿಬಿರದಲ್ಲಿ ಕೈಬಿಟ್ಟವರ ಪೈಕಿ ನಾಲ್ವರವರೆಗೆ ಯಾವ ಸರದಿಯ ಗೊಡವೆಯೂ ಇಲ್ಲದೆ ನೇರವಾಗಿ ಇಲ್ಲಿಗೆ ಇಳಿಯುತ್ತಾರೆ. ಹಿಂದೆ ಇದೇ ತಂಡಕ್ಕೆ ಆಡಿದವರ ಮೇಲಿನ ಹಕ್ಕು ಎರಡು ಋತುಗಳವರೆಗೆ ತಂಡದ ಬಳಿಯೇ ಉಳಿಯುತ್ತದೆ. ಇವರೆಲ್ಲರ ಮೇಲೆ ಸ್ಥಳೀಯ ಆಯ್ಕೆ ಶಿಬಿರದಿಂದ ಬಂದವರು ಬೇರೆ. ಇಷ್ಟೆಲ್ಲ ಆದಮೇಲೆ ಉಳಿಯುವ ಒಂದೆರಡು ಜಾಗಗಳಿಗೆ ನಡೆಯುವ ವಿಧಿಯನ್ನು ನಾವು ಡ್ರಾಫ್ಟ್ ಎಂದು ಕರೆದು, ಸುತ್ತುಗಳನ್ನು ಎಣಿಸಿ, ಯಾವ ತಂಡ ‘ಗೆದ್ದಿತು’ ಎಂದು ಅಂಕ ಕೊಡುತ್ತೇವೆ. (ಅಂಕ ಕೊಡುವ ಆ ಮಹನೀಯರು ಶಿಬಿರ ಮುಗಿದ ಮೇಲೆ ಎಲ್ಲಿ ಮಾಯವಾಗುತ್ತಾರೋ ಕಾಣೆ.)

ಭಾರತದ ಅಭಿಮಾನಿಗಳಿಗಂತೂ ಇದು ಹೊಸ ವಿಷಯವಲ್ಲ. 2016ರಲ್ಲಿ ಲಾಂಗ್ ಐಲ್ಯಾಂಡ್ ನೆಟ್ಸ್ ತಂಡ ಪಾಲ್‌ಪ್ರೀತ್ ಸಿಂಗ್ ಬ್ರಾರ್ ಅವರನ್ನು ಆಯ್ದುಕೊಂಡಾಗ ಇಲ್ಲಿ ಎಷ್ಟು ಸಂಭ್ರಮಿಸಿದೆವು! ಋತು ಆರಂಭವಾಗುವ ಮೊದಲೇ ಅವರನ್ನು ಕೈಬಿಟ್ಟ ಸುದ್ದಿಗೆ ಅದರ ಕಾಲುಭಾಗದಷ್ಟು ಗಮನವೂ ದಕ್ಕಲಿಲ್ಲ. ಮರುವರ್ಷ ಒಕ್ಲಹೋಮ ಸಿಟಿ ಬ್ಲೂ ಆಯ್ದುಕೊಂಡ ಅಮ್‌ಜ್ಯೋತ್ ಸಿಂಗ್ ಶಿಬಿರ ದಾಟಿ ಅಂಗಳಕ್ಕಿಳಿದರು. ನನ್ನ ಲೆಕ್ಕದಲ್ಲಿ ಅವರ ಸಾಧನೆ ಇರುವುದು ಆ ದಾಟುವಿಕೆಯಲ್ಲೇ, ಆದರೆ ನಮ್ಮ ಚಪ್ಪಾಳೆಗಳೆಲ್ಲ ಆಯ್ಕೆಯ ದಿನವೇ ಖರ್ಚಾಗಿ ಹೋಗಿದ್ದವು.

‘ಆಂಡ್ರೆ ಇಂಗ್ರಾಮ್ ಕಥೆ ಗೊತ್ತಿಲ್ಲವೇ?’ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಗೊತ್ತು ಸ್ವಾಮಿ. 2007ರ ಡ್ರಾಫ್ಟಿನ ಏಳನೇ ಸುತ್ತಿನಲ್ಲಿ ಬಂದವರು, ಜೊತೆಗೆ ಗಣಿತದ ಪಾಠ ಹೇಳುತ್ತಿದ್ದವರು, 2018ರ ಏಪ್ರಿಲ್‌ನಲ್ಲಿ ತಮ್ಮ 32ನೇ ವಯಸ್ಸಿನಲ್ಲಿ ಎನ್‌ಬಿಎಯ ಲೇಕರ್ಸ್ ಪರ ಮೊದಲ ಪಂದ್ಯವಾಡಿ ಹೂಸ್ಟನ್ ವಿರುದ್ಧ 19 ಅಂಕ ಗಳಿಸಿದರು. ಆ ಪಂದ್ಯದ ದೃಶ್ಯಗಳನ್ನು ಈಗ ನೋಡಿದರೂ ನನ್ನ ಕಣ್ಣು ತುಂಬುತ್ತದೆ, ಸುಳ್ಳು ಹೇಳುವುದಿಲ್ಲ. ಆದರೆ ಹತ್ತು ವರ್ಷ ಕಾದ ಮನುಷ್ಯನಿಗೆ ಆಗ ಸಿಕ್ಕಿದ್ದು ಋತುವಿನ ಕೊನೆಯ ಎರಡು ಪಂದ್ಯಗಳು. ಇದನ್ನು ವ್ಯವಸ್ಥೆಯ ಗೆಲುವು ಎಂದು ತೋರಿಸುವವರ ಧೈರ್ಯವನ್ನು ಮೆಚ್ಚಬೇಕು. ಇಲ್ಲಿಂದ ಎನ್‌ಬಿಎ ತಲುಪಿದ ಜೊನಾಥನ್ ಸಿಮನ್ಸ್ ಹೆಸರನ್ನೂ ಹೇಳುತ್ತಾರೆ. ಅವರು ಬಂದದ್ದು ಡ್ರಾಫ್ಟಿನಿಂದಲ್ಲ, 150 ಡಾಲರ್ ಶುಲ್ಕ ಕಟ್ಟಿ ಆಸ್ಟಿನ್ ತಂಡದ ಮುಕ್ತ ಆಯ್ಕೆ ಶಿಬಿರದಿಂದ. ಹಾಗಿದ್ದರೆ ಅವರ ಕಥೆ ಯಾರ ಪರವಾಗಿ ಸಾಕ್ಷಿ ನುಡಿಯುತ್ತದೆ?

ಇನ್ನೊಂದು ವಾದದಲ್ಲಿ ಸ್ವಲ್ಪ ಹುರುಳಿದೆ. ಟು-ವೇ ಆಟಗಾರನನ್ನು ಅವನ ಎನ್‌ಬಿಎ ತಂಡ ಕಟ್ಟಿಹಾಕಿಕೊಂಡಿರುತ್ತದೆ, ಬರೀ ಲೀಗಿನ ಒಪ್ಪಂದದಲ್ಲಿರುವವನನ್ನು ಮಾತ್ರ ಯಾವ ಎನ್‌ಬಿಎ ತಂಡ ಬೇಕಾದರೂ ಕರೆದುಕೊಳ್ಳಬಹುದು. ನಿಜ. ಆದರೆ ಆ ಸ್ವಾತಂತ್ರ್ಯವನ್ನು ಕೊಟ್ಟಿರುವುದು ಒಪ್ಪಂದವೇ ಹೊರತು ಡ್ರಾಫ್ಟ್ ಅಲ್ಲ, ಮತ್ತು ಕರೆ ಬರಬೇಕಾದರೆ ಮೊದಲು ಅವನು ಅಂಗಳದಲ್ಲಿ ಇರಬೇಕು. 2018–19ರ ಋತುವಿಗೆ ಮೂಲ ಸಂಬಳವನ್ನು ಐದು ತಿಂಗಳಿಗೆ 35,000 ಡಾಲರ್‌ಗೆ ಏರಿಸಿದ್ದನ್ನೇ ದೊಡ್ಡ ಸುಧಾರಣೆಯೆಂದು ಸಾರಲಾಯಿತು. ಅದೇ ಋತುವಿನಲ್ಲಿ ಎನ್‌ಬಿಎಗೆ ಹೊಸದಾಗಿ ಬಂದವನ ಕನಿಷ್ಠ ಸಂಬಳ 8 ಲಕ್ಷ ಡಾಲರ್ ಮೀರಿತ್ತು. ಆ 35,000ವಾದರೂ ತಂಡದಲ್ಲಿ ಉಳಿದವನ ಪಾಲಿಗೆ.

ಡ್ರಾಫ್ಟನ್ನು ರದ್ದು ಮಾಡಿ ಎಂದು ನಾನು ಹೇಳುತ್ತಿಲ್ಲ. ಹೆಸರು ಕರೆದ ತಂಡ ಆ ಆಟಗಾರನಿಗೆ ಋತುವಿನ ಮೊದಲ ತಿಂಗಳ ಸಂಬಳವನ್ನಾದರೂ ಖಾತರಿಪಡಿಸಲಿ, ಆಮೇಲೆ ಬೇಕಾದರೆ ಕೈಬಿಡಲಿ. ಅಷ್ಟು ಹೊಣೆ ಹೊರಲಾಗದಿದ್ದರೆ ಹೆಸರು ಕರೆಯುವುದು ಬೇಡ. ಕೊನೆಯ ಸುತ್ತುಗಳಲ್ಲಿ ತಂಡಗಳು ಒಂದರ ಹಿಂದೊಂದು ‘ಪಾಸ್’ ಎಂದು ಸರದಿ ಬಿಟ್ಟುಕೊಡುವುದನ್ನು ಕಂಡು ಹಿಂದೆಲ್ಲ ಮೈ ಉರಿಯುತ್ತಿತ್ತು. ಈಗ ನೋಡಿದರೆ ಇಡೀ ಸಂಜೆಯಲ್ಲಿ ಪ್ರಾಮಾಣಿಕವಾಗಿ ಮಾತಾಡುವವರು ಅವರೊಬ್ಬರೇ ಅನ್ನಿಸುತ್ತದೆ: ನಮ್ಮಲ್ಲಿ ಜಾಗವಿಲ್ಲ, ಸುಮ್ಮನೆ ನಿಮ್ಮ ಹೆಸರನ್ನು ನಾವು ಹಿಡಿದಿಟ್ಟುಕೊಳ್ಳುವುದಿಲ್ಲ.